ಸವೆಯದ ಗಾಲಿ

ಕೂಸಿನ ಗಾಡಿಯ ಕೊಡೆ ಎತ್ತಿದರೆ ಒಳಗಿನ ಮುಖ ತಳ್ಳುವವನಿಗಲ್ಲದೆ ಬೇರೆ ಯಾರಿಗೂ ಕಾಣುವುದಿಲ್ಲ. ಪರಮಶಿವಯ್ಯ ಅದನ್ನು ಇಳಿಸಿದ, ಎತ್ತಿದ, ಮತ್ತೆ ಇಳಿಸಿದ. ಪ್ರತಿ ಸಲವೂ ಹಿಡಿಯ ಹಿಂದೆ ಹೋಗಿ ನಿಂತು ಮಗುವಿನ ಮುಖ ಇರಬೇಕಾದ ಜಾಗವನ್ನು ನೋಡಿದ. ಅಲ್ಲಿ ಬಿಳಿಯ ಮೆತ್ತೆಯಿತ್ತು.

"ಕೊಡೆ ಗಟ್ಟಿ ಸಾರ್, ಸೀಮೇದು," ಎಂದ ಅಂಗಡಿಯ ಮರಿಯಣ್ಣ. "ಆದ್ರೂ ಬೆಳಗಿಂದ ಅದನ್ನೇ ಆಡಿಸ್ತಾ ಇದ್ರೆ ಹೇಗೆ?"

ದಂಡು ಪ್ರದೇಶದ ಆ ಹಳೆಯ ಸಾಮಾನಿನ ಅಂಗಡಿಗೆ ಅವನು ಬರತೊಡಗಿ ಇದು ಮೂರನೆಯ ಭಾನುವಾರ. ದೊರೆಗಳು ಹಡಗು ಹತ್ತಿ ಆರೇಳು ವರ್ಷವಾಗಿದ್ದರೂ ಅವರ ಕುರ್ಚಿ, ಕನ್ನಡಿ, ಟೋಪಿ ನೇತುಹಾಕುವ ಕಂಬಗಳು ಇನ್ನೂ ಮರಿಯಣ್ಣನಲ್ಲಿಗೆ ಬಂದು ಬೀಳುತ್ತಲೇ ಇದ್ದವು. ಅವುಗಳ ನಡುವೆ ಕೂಸಿನ ಗಾಡಿಗಳು ಎರಡು. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವ ಪರಮಶಿವಯ್ಯನಿಗೆ ಎರಡರಲ್ಲಿ ಒಂದನ್ನು ಆರಿಸಲು ಮೂರು ವಾರ ಹಿಡಿಯಿತು.

ಒಂದು ಕಂದುಬಣ್ಣದ್ದು. ಗಾಲಿಯ ರಬ್ಬರು ಸವೆದು ಒಂದು ಕಡೆ ತಂತಿ ಇಣುಕುತ್ತಿತ್ತು. ತಳ್ಳಿದರೆ ಕಿರುಗುಟ್ಟುತ್ತಿತ್ತು. ಮೆತ್ತೆಯ ಮೇಲೆ ಹಾಲಿನ ಕಲೆ, ಅಂಚಿನ ತುಂಬ ಸಣ್ಣ ಸಣ್ಣ ಹಲ್ಲಿನ ಗುರುತು. ಇನ್ನೊಂದು ಕಡುನೀಲಿ. ಬೆರಳಿಂದ ಮುಟ್ಟಿದರೆ ಸ್ಪ್ರಿಂಗು ಮೆಲ್ಲಗೆ ತೂಗುತ್ತಿತ್ತು, ಸದ್ದಿಲ್ಲ.

"ಅದನ್ನ ಬಿಡಿ ಸಾರ್. ನಾಲ್ಕು ಮಕ್ಕಳು ಒಬ್ಬರ ಹಿಂದೆ ಒಬ್ಬರು ಸವಾರಿ ಮಾಡಿರೋ ಗಾಡಿ. ಅಂಚು ನೋಡಿ, ಹಲ್ಲು ಬರುವಾಗ ಹೇಗೆ ಕಡ್ದು ಹಾಕಿದಾವೆ. ಅದಕ್ಕೆ ಮಧ್ಯಾಹ್ನ ಬೇರೆ ಪಾರ್ಟಿ ಬರ್ತಾರೆ. ಇದು ಎರಡು ತಿಂಗಳೂ ಓಡಿಲ್ಲ. ಗಾಲಿ ಮುಟ್ಟಿ ನೋಡಿ, ಮುಟ್ಟಿ. ನಿಮ್ಮಂಥೋರಿಗೆ ಇದೇ ಸರಿ."

ಪರಮಶಿವಯ್ಯ ಮುಟ್ಟಿ ನೋಡಿದ. ರಬ್ಬರಿನ ಮೇಲೆ ಅಚ್ಚಿನ ಗೆರೆ ಕೂಡ ಅಳಿಸಿರಲಿಲ್ಲ. ನಿಮ್ಮಂಥೋರು ಎಂಬ ಮಾತೂ ಅವನಿಗೆ ಹಿಡಿಸಿತು. ಜೇಬಿನಿಂದ ಗಂಟು ಹಾಕಿದ ಹುರಿ ತೆಗೆದು ಗಾಡಿಯ ಅಗಲಕ್ಕೆ ಹಿಡಿದ. ಅದು ಎನ್.ಆರ್. ಕಾಲೋನಿಯ ಅವನ ಬಾಡಿಗೆ ಮನೆಯ ಬಾಗಿಲಿನ ಅಳತೆ. ಗಾಡಿ ಸಲೀಸಾಗಿ ಒಳಗೆ ಹೋಗುತ್ತದೆ. ಬ್ರೇಕು ಒತ್ತಿ ನೋಡಿದ, ತಿರುಪುಗಳನ್ನು ಪರೀಕ್ಷಿಸಿದ, ಮಳೆ ಬಂದರೆ ಕೊಡೆ ಸೋರುತ್ತದೆಯೇ ಎಂದು ವಿಚಾರಿಸಿದ. ಕೇಳಬೇಕಾದದ್ದನ್ನೆಲ್ಲ ಕೇಳಿ ಮುಗಿಸಿದೆನೆಂದು ತೃಪ್ತಿಯಾದ ಮೇಲೆ ನೀಲಿ ಗಾಡಿಯನ್ನೇ ಕೊಂಡ.

ಹೊರಗಿದ್ದ ಜಟಕಾದವನು ಗಾಡಿಯನ್ನು ಸುತ್ತುಹಾಕಿ ನೋಡಿದ. "ಮೇಲೆ ಹಾಕಿ ಹಗ್ಗ ಬಿಗೀಬೇಕು ಸ್ವಾಮಿ. ಬಣ್ಣ ಹೋಯ್ತು ಅಂತ ಆಮೇಲೆ ನನ್ನ ಕೇಳ್ಬೇಡಿ."

"ಬೇಡ. ತಳ್ಕೊಂಡೇ ಹೋಗ್ತೀನಿ."

ಹಾಗೆಂದ ಕೂಡಲೆ ತಾನು ಇಷ್ಟು ಹೊತ್ತೂ ಇದನ್ನೇ ಬಯಸುತ್ತಿದ್ದೆನೆಂದು ಅವನಿಗೆ ಅನ್ನಿಸಿತು.

ಕಬ್ಬನ್ ಪಾರ್ಕಿನ ದಾರಿ ಹಿಡಿದ. ಓದುವ ಕಾಲದಲ್ಲಿ ಅವನು ಒಬ್ಬ ದೊರೆಯನ್ನೂ ಅವನ ಹೆಂಡತಿಯನ್ನೂ ಇಲ್ಲೇ ಕಂಡಿದ್ದ. ಗಂಡ ಗಾಡಿ ತಳ್ಳುತ್ತಿದ್ದ. ಹೆಂಡತಿ ಹಿಡಿಯ ಮೇಲೆ ಒಂದು ಕೈಯಿಟ್ಟುಕೊಂಡು ಪಕ್ಕದಲ್ಲಿ ನಡೆಯುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಮರಗಳ ಸಾಲಿನ ತುದಿಯವರೆಗೂ ಹೋಗಿ ಅವರು ತಿರುಗಿಕೊಂಡು ಬಂದದ್ದನ್ನು ಅವನು ನಿಂತು ನೋಡಿದ್ದ. ಅದರಲ್ಲಿ ನೋಡುವಂಥದ್ದು ಏನಿತ್ತೆಂದು ಕೇಳಿದರೆ ಇಂದಿಗೂ ಹೇಳಲಾರ. ಆದರೆ ಮದುವೆಯಾದ ಮೇಲೆ, ಮಹಾನಂದ ತಲೆತಗ್ಗಿಸಿ ತನ್ನಿಂದ ನಾಲ್ಕು ಮಾರು ಹಿಂದೆ ನಡೆದು ಬರುವಾಗಲೆಲ್ಲ ಆ ಇಬ್ಬರು ನೆನಪಾಗುತ್ತಿದ್ದರು.

ಮಹಾನಂದ ಚೊಚ್ಚಲ ಹೆರಿಗೆಗೆಂದು ತೌರಿಗೆ ಹೋದವಳು ಇನ್ನೂ ಬಂದಿರಲಿಲ್ಲ. ತೌರು ದೂರವೇನಲ್ಲ, ಚಾಮರಾಜಪೇಟೆ. ಎನ್.ಆರ್. ಕಾಲೋನಿಯಿಂದ ಕಾಲುನಡಿಗೆಯ ದಾರಿ. ಬಾಣಂತಿ ಮಗುವಿನೊಂದಿಗೆ ಗಂಡನ ಮನೆಗೆ ಹೊರಡುವುದು ಮೂರನೆಯ ತಿಂಗಳಿಗೆ, ಇಲ್ಲವೇ ಐದಕ್ಕೆ. ನಾಲ್ಕಕ್ಕೆ, ಆರಕ್ಕೆ ಕೂಡದು. ಮೂರಕ್ಕೆ ಹೊರಡಬೇಕೆನ್ನುವಾಗ ಮಗುವಿಗೆ ನೆಗಡಿಯಾಯಿತು. ಐದು ಈ ವಾರ ಮುಗಿಯುತ್ತದೆ. ಇಂದು ಹೋಗಿ ಕೇಳಿಯೇ ಬಿಡುವುದೆಂದು ಅವನು ನಿರ್ಧರಿಸಿದ್ದ. ಗಾಡಿಯನ್ನು ಮನೆಗೆ ಒಯ್ದು ಕಿಟಕಿಯ ಕೆಳಗೆ ನಿಲ್ಲಿಸುವುದು, ಸಂಜೆ ಚಾಮರಾಜಪೇಟೆಗೆ ಹೋಗಿ ಕರೆಯುವುದು, ಅವರು ಬಂದಾಗ ತೋರಿಸುವುದು. ಮನೆಯ ಗೂಡಿನಲ್ಲಿ ಅವಳ ಬಾಚಣಿಗೆ ಅವಳು ಬಿಟ್ಟುಹೋದ ಹಾಗೆಯೇ ಇತ್ತು, ನಾಲ್ಕು ಕೂದಲಿನ ಸಮೇತ. ಅವನು ಅದನ್ನು ಮುಟ್ಟಿರಲಿಲ್ಲ.

ಐದು ತಿಂಗಳಲ್ಲಿ ಅವನು ಮಗುವನ್ನೂ ಮುಟ್ಟಿರಲಿಲ್ಲ. ಮುಟ್ಟಬೇಡವೆಂದು ಯಾರೂ ಅಂದಿರಲಿಲ್ಲ. ಹಿರಿಯರ ಎದುರಿಗೆ ತಂದೆಯಾದವನು ತನ್ನ ಮಗುವನ್ನು ಎತ್ತಿ ಮುದ್ದಿಸುವುದಿಲ್ಲ, ಅಷ್ಟೆ. ಮಾವನ ಮನೆಯಲ್ಲಂತೂ ಎಲ್ಲಿ ತಿರುಗಿದರೂ ಹಿರಿಯರು. ನಾಮಕರಣದ ದಿನ ಗಂಡಸರೆಲ್ಲ ಪಡಸಾಲೆಯಲ್ಲಿ ಹಿಂದೆ ನಿಂತಿದ್ದರು. ತೊಟ್ಟಿಲಿಗೆ ಮೊದಲು ಮಗುವನ್ನು ಹಾಕಲಿಲ್ಲ; ಗುಂಡುಕಲ್ಲಿಗೆ ಕುಲಾವಿ ಹಾಕಿ, ಕುಂಕುಮವಿಟ್ಟು, ಗುಂಡಪ್ಪ ಎಂದು ಕರೆದು ಮಲಗಿಸಿ ತೂಗಿದರು. ಆಮೇಲೆ ಕಲ್ಲನ್ನು ಈ ಕಡೆಯಿಂದ ತೆಗೆದುಕೊಂಡು ಮಗುವನ್ನು ಆ ಕಡೆಯಿಂದ ಕೊಟ್ಟರು. ಹೆಂಗಸರ ತಲೆಗಳ ಸಂದಿಯಲ್ಲಿ ಪರಮಶಿವಯ್ಯನಿಗೆ ಕಲ್ಲು ಚೆನ್ನಾಗಿ ಕಂಡಿತು, ಮಗು ಕಾಣಲಿಲ್ಲ. ಶಿವಕುಮಾರಿ ಎಂದು ಹೆಸರಿಟ್ಟದ್ದು ಮಾತ್ರ ಕೇಳಿಸಿತು.

ಆ ತೊಟ್ಟಿಲೂ ಸ್ವಂತದ್ದಲ್ಲ. ಮಾವನ ಅಕ್ಕನ ಮನೆಯಿಂದ ಹೊತ್ತು ತಂದದ್ದು, ಕಾಲೊಂದು ಅಲುಗಾಡುತ್ತಿತ್ತು. ತರಗುಪೇಟೆಯಲ್ಲಿ ಮಂಡಿಯಿಟ್ಟು ಮೂಟೆಗಟ್ಟಲೆ ಧಾನ್ಯ ಮಾರುವ ಮನುಷ್ಯ ಮೊಮ್ಮಗಳಿಗೆ ಒಂದು ಹೊಸ ತೊಟ್ಟಿಲು ಮಾಡಿಸಬಾರದೇ ಎಂದು ಪರಮಶಿವಯ್ಯ ಅಂದು ಮನಸ್ಸಿನಲ್ಲೇ ನಕ್ಕಿದ್ದ. ಪೇಟೆಯವರ ಜಿಪುಣತನ ಅವನಿಗೆ ಗೊತ್ತಿಲ್ಲದ್ದಲ್ಲ, ಅವನೂ ಪೇಟೆಯಲ್ಲೇ ಹುಟ್ಟಿದವನು.

ಅವನ ತಂದೆ ಅವನನ್ನು ಎತ್ತಿಕೊಂಡದ್ದು ಅವನಿಗೆ ಒಂದೇ ಒಂದು ಸಲ ನೆನಪಿದೆ. ಅಜ್ಜ ಊರಲ್ಲಿರಲಿಲ್ಲ. ಓಕಳಿಪುರದ ಹಳಿಯ ಹತ್ತಿರ ರೈಲು ತೋರಿಸಲು ಅಪ್ಪ ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಇಂಜಿನ್ನು ಬಂತು, ಕಿಟಕಿಗಳು ಬಂದವು, ಕಿಟಕಿಗಳಲ್ಲಿ ಜನ ಬಂದರು. ಅಷ್ಟರಲ್ಲಿ ಅಜ್ಜನ ಗೆಳೆಯರೊಬ್ಬರು ಕೊಡೆ ಹಿಡಿದು ಆ ಕಡೆ ಬರುವುದು ಕಂಡು ಅಪ್ಪ ತಟ್ಟನೆ ಅವನನ್ನು ಕೆಳಗಿಳಿಸಿದರು. ಉಳಿದ ರೈಲಿನಲ್ಲಿ ಅವನು ಗಾಲಿಗಳನ್ನು ಮಾತ್ರ ನೋಡಿದ.

ಗಾಡಿಯೆಂದರೆ ಎತ್ತಿಕೊಳ್ಳದೆಯೇ ಮಗುವನ್ನು ಕರೆದುಕೊಂಡು ಹೋಗುವ ಉಪಾಯ. ಯಾವ ಹಿರಿಯರ ಎದುರಿಗೂ ತಳ್ಳಬಹುದು. ಇದು ಹೊಳೆದ ದಿನ ಪರಮಶಿವಯ್ಯ ಕ್ಲಾಸಿನ ನಡುವೆ ಒಬ್ಬನೇ ನಕ್ಕು ಹುಡುಗರನ್ನು ಬೆರಗಾಗಿಸಿದ್ದ.

ಖಾಲಿ ಗಾಡಿ ನೆಟ್ಟಗೆ ಹೋಗುತ್ತಿರಲಿಲ್ಲ. ಹಗುರಾಗಿ ಕುಣಿಯುತ್ತ, ಸಣ್ಣ ಕಲ್ಲಿಗೂ ಅಡ್ಡ ತಿರುಗುತ್ತಿತ್ತು. ಎದುರು ಬಂದವರು ಒಳಗೆ ನೋಡಿ, ಆಮೇಲೆ ಅವನ ಮುಖ ನೋಡಿ ಮುಂದೆ ಹೋಗುತ್ತಿದ್ದರು. ಪಂಚೆ, ಕೋಟು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ದೊರೆಸಾನಿಯರ ಗಾಡಿ. ಅವನಿಗೆ ನಾಚಿಕೆಯಾಗಿ ಕೊಡೆ ಎತ್ತಿಬಿಟ್ಟ. ಈಗ ಎದುರಿನವರಿಗೆ ಏನೂ ಕಾಣುವಂತಿರಲಿಲ್ಲ.

ಆಗ ಜನರ ರೀತಿಯೇ ಬೇರೆಯಾಯಿತು. ಒಬ್ಬ ಸೈಕಲ್ಲಿನವನು ಬೆಲ್ಲು ಹೊಡೆಯಲು ಹೋದವನು ಕೈ ತೆಗೆದ. ಇಬ್ಬರು ಹೆಂಗಸರು ದನಿ ತಗ್ಗಿಸಿದರು. ಪೇಟ ಸುತ್ತಿದ ವೃದ್ಧರೊಬ್ಬರು ಕಲ್ಲುಬೆಂಚಿನಿಂದ ಎದ್ದು ಅವನ ಜೊತೆ ನಾಲ್ಕು ಹೆಜ್ಜೆ ಹಾಕಿದರು.

"ಗಂಡೋ, ಹೆಣ್ಣೋ?"

"ಹೆಣ್ಣು."

"ನಿದ್ದೆನಾ?"

"ಈಗ ತಾನೆ ಮಲಗ್ತು."

ಸುಳ್ಳು ಇಷ್ಟು ಸಲೀಸಾಗಿ ಬರಬಹುದೆಂದು ಅವನಿಗೆ ತಿಳಿದಿರಲಿಲ್ಲ. ನಾಲಿಗೆಯ ಮೇಲೆ ಅದು ಸಿಹಿಯಾಗಿತ್ತು.

"ತಾಯಿ ಬಂದಿಲ್ವಾ?"

"ಹಿಂದೆ ಬರ್ತಿದಾಳೆ."

ವೃದ್ಧರು ಹಿಂತಿರುಗಿ ನೋಡಿದರು. ಪರಮಶಿವಯ್ಯನೂ ಹಿಂತಿರುಗಿ ನೋಡಿದ. ದಾರಿ ಉದ್ದಕ್ಕೂ ಬಿಸಿಲು ಬಿದ್ದಿತ್ತು, ಯಾರೂ ಇರಲಿಲ್ಲ. ಆದರೂ ಅವನು ಒಂದು ಗಳಿಗೆ ನಿಜವಾಗಿ ಕಾದ.

ಪುರಭವನದ ಹತ್ತಿರ ಬರುವ ಹೊತ್ತಿಗೆ ಅವನ ಯೋಜನೆ ಬದಲಾಗಿತ್ತು. ಮನೆಗೇಕೆ ಹೋಗಬೇಕು? ನೆಟ್ಟಗೆ ಚಾಮರಾಜಪೇಟೆಗೆ ಹೋಗಿ, ಗಾಡಿಯಲ್ಲಿ ಮಗುವನ್ನು ಮಲಗಿಸಿ, ಮಹಾನಂದಳನ್ನು ಹೊರಡಿಸಿಕೊಂಡು ಸಂಜೆ ಗಾಂಧಿಬಜಾರಿನ ಮೇಲೆ ಮನೆಗೆ ನಡೆದುಹೋಗುವುದು. ಕೊಡೆ ಎತ್ತಿದರೆ ಯಾರ ದೃಷ್ಟಿಯೂ ತಾಗುವುದಿಲ್ಲ. ಅತ್ತೆಗೆ ಅದನ್ನೇ ಹೇಳಬಹುದು. ಹಿಡಿಯ ಮೇಲೆ ಒಂದು ಕೈಯಿಡಲು ಮಹಾನಂದಳಿಗೆ ಹೇಗೆ ಹೇಳುವುದೆಂಬುದೊಂದೇ ಅವನಿಗೆ ಹೊಳೆಯಲಿಲ್ಲ. ಅವಳಿಗೇ ತೋಚಬಹುದು ಎಂದುಕೊಂಡ.

ಚಾಮರಾಜಪೇಟೆಯ ಮೊದಲ ತಿರುವಿನಲ್ಲಿ ಹೂವಿನ ಚಿಕ್ಕಮುನಿಯಮ್ಮ ಎದುರಾದಳು. ಮಾವನ ಮನೆಗೆ ದಿನವೂ ವರ್ತನೆ ಹೂವು ಹಾಕುವವಳು. ಬುಟ್ಟಿ ಇಳಿಸಿ, "ಅಯ್ ನಮ್ಮಪ್ಪ, ಎಂಥ ಗಾಡಿ! ಮಗೀಗೆ ಒಂದು ಮೊಳ ಹೂವ ಇಡ್ತೀನಿ ತಡೀರಿ," ಎನ್ನುತ್ತ ಪಕ್ಕದಿಂದ ಬಗ್ಗಿದಳು. ಬಗ್ಗಿದವಳು ಹಾಗೆಯೇ ಹಿಂದಕ್ಕೆ ಸರಿದಳು.

"ಖಾಲಿ."

"ಈಗ ಹೋಗಿ ಕೂರಿಸ್ಕೋಬೇಕು," ಎಂದ ಪರಮಶಿವಯ್ಯ.

ಚಿಕ್ಕಮುನಿಯಮ್ಮ ಹೂವನ್ನು ಬುಟ್ಟಿಗೆ ಹಾಕಿ, ಬುಟ್ಟಿಯನ್ನು ತಲೆಗೇರಿಸಿ, ಅಡ್ಡಬೀದಿಯಲ್ಲಿ ಬಿರಬಿರನೆ ನಡೆದಳು. ಹೂವಿನವಳಿಗೆ ಯಾಕೆ ಇಷ್ಟು ಅವಸರವೆಂದು ಅವನಿಗೆ ಅರ್ಥವಾಗಲಿಲ್ಲ.

ಅವನು ಮನೆ ಮುಟ್ಟುವಷ್ಟರಲ್ಲಿ ಅರ್ಥವಾಯಿತು. ಮಾವ ವೃಷಭೇಂದ್ರಪ್ಪನವರು ಪತ್ರಿಕೆ ಹಿಡಿದು ಜಗಲಿಯ ಮೇಲೆ ಕೂತಿದ್ದರು. ಅತ್ತೆ ವಿಶಾಲಾಕ್ಷಮ್ಮನವರು ಆಗಲೇ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದರು. ಅಳಿಯ ಬಂದಾಗ ಹಾಗೆ ನಿಲ್ಲುವ ವಾಡಿಕೆ ಅವರಿಗಿರಲಿಲ್ಲ.

"ಬನ್ನಿ," ಎಂದರು ಮಾವ. "ಬಿಸಿಲಲ್ಲಿ ಬಂದ್ರಿ."

"ದಂಡಿಗೆ ಹೋಗಿದ್ದೆ."

"ಹೂವಿನೋಳು ಹೇಳಿದ್ಲು," ಎಂದರು ಅತ್ತೆ. "ನಿಮ್ಮ ಅಳಿಯಂದಿರು ಖಾಲಿ ಗಾಡಿ ತಳ್ಕೊಂಡು ಬರ್ತಾವ್ರೆ ಅಂತ. ನಾನು ನಂಬ್ಲಿಲ್ಲ."

"ಮಗೂಗೇ ತಂದೆ, ಅತ್ತೆ."

"ಖಾಲಿ ತೊಟ್ಟಿಲು ತೂಗಬಾರ್ದು ಅಂತ ನಿಮ್ಮನೇಲಿ ಯಾರೂ ಹೇಳ್ಕೊಟ್ಟಿಲ್ವೇ?"

"ಇದು ತೊಟ್ಟಿಲಲ್ಲ. ಗಾಡಿ."

"ಮಗು ಮಲಗೋದು ತಾನೆ?"

"ಹೌದು."

"ತೂಗುತ್ತೆ ತಾನೆ?"

ಸ್ಪ್ರಿಂಗು ತೂಗುತ್ತಿತ್ತು, ಆಗಲೂ. ತರ್ಕಶಾಸ್ತ್ರದ ಮೇಷ್ಟ್ರು ಕೈಯಿಟ್ಟು ಅದನ್ನು ನಿಲ್ಲಿಸಿದ. ಗಾಡಿಯನ್ನು ಒಳಗೆ ತರಬಹುದೇ ಎಂದು ಕೇಳುವ ಧೈರ್ಯವಾಗದೆ ಬೀದಿಯಲ್ಲೇ, ಜಗಲಿಗೆ ತಾಗಿಸಿ, ಬ್ರೇಕು ಹಾಕಿ ನಿಲ್ಲಿಸಿದ. ವೃಷಭೇಂದ್ರಪ್ಪನವರು ಪತ್ರಿಕೆಯ ಅಂಚಿನಿಂದ ಅದನ್ನು ಅಳೆದರು.

"ಒಳ್ಳೇ ಗಾಡಿನೇ. ಒಂದು ಮೂಟೆ ಅಕ್ಕಿ ಹೇರಿದ್ರೂ ತಡೀತದೆ."

ಕಾಫಿ ಬಂತು. ಪರಮಶಿವಯ್ಯ ಕಾಫಿ ಕುಡಿಯುವ ನೆಪದಲ್ಲಿ ಮಾತನ್ನು ಹೊಂದಿಸಿಕೊಂಡ.

"ಈ ವಾರ ಕಳಿಸಿಕೊಟ್ರೆ... ಐದು ಮುಗಿಯೋದ್ರೊಳಗೆ."

ಮಾವ ಅತ್ತೆಯನ್ನು ನೋಡಿದರು. ಅತ್ತೆ ಬೀದಿಯಲ್ಲಿದ್ದ ಗಾಡಿಯನ್ನು ನೋಡಿದರು. "ಮಹಾನಂದಾನ್ನೇ ಕೇಳಿ," ಎಂದು ಒಳಗೆ ಹೋದರು. ಆ ಮಾತಿನಲ್ಲಿ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

ಮಹಾನಂದ ಕಿವಿಗೆ ಬಟ್ಟೆ ಕಟ್ಟಿಕೊಂಡು, ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಮೈ ತುಂಬಿಕೊಂಡಿದ್ದಳು. ಅವನಿಗೆ ಗೊತ್ತಿಲ್ಲದ ಒಂದು ನಡಿಗೆ ಅವಳಿಗೆ ಬಂದಿತ್ತು, ಒಂದು ಕಡೆಗೆ ವಾಲಿ ನಡೆಯುವುದು. ಅವನನ್ನು ನೋಡಿ ನಕ್ಕಳು. ಆಮೇಲೆ ಗಾಡಿ ನೋಡಿದಳು, ಕಣ್ಣರಳಿತು.

"ಇದನ್ನ ತಳ್ಕೊಂಡು ಬಂದ್ರಾ? ಅಷ್ಟು ದೂರದಿಂದ?"

"ಹೂಂ."

"ಜನ ನಗಲಿಲ್ವಾ?"

"ನಕ್ಕಿರಬೇಕು."

ಅವಳು ಜಗಲಿಯಿಂದ ಇಳಿದು ಗಾಡಿಯ ಹತ್ತಿರ ಬಂದಳು. ಮಗುವನ್ನು ಒಂದು ತೋಳಿಗೆ ಬದಲಾಯಿಸಿಕೊಂಡು ಇನ್ನೊಂದು ಕೈಯನ್ನು ಹಿಡಿಯ ಮೇಲಿಟ್ಟಳು. ಅವನು ಹೇಳಿರಲಿಲ್ಲ. ಪರಮಶಿವಯ್ಯ ಆ ಕೈಯನ್ನು ನೋಡಿದ. ಅದು ಅಲ್ಲಿಯೇ ಇರಲಿ, ಇನ್ನು ಏನೂ ಆಗದಿದ್ದರೂ ಸರಿ, ಅದು ಅಲ್ಲಿಯೇ ಇರಲಿ ಎಂದು ಅವನು ಬೇಡಿಕೊಂಡ.

"ಯಾರದಿದು?" ಎಂದಳು.

"ಯಾರೋ ದೊರೆಸಾನೀದು. ಊರು ಬಿಟ್ಟು ಹೋಗುವಾಗ ಮಾರಿದಾರೆ."

"ಆ ಮಗು?"

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಯಾವ ಮಗು?"

"ಇದರಲ್ಲಿ ಮಲಗ್ತಿತ್ತಲ್ಲ, ಆ ಮಗು. ಈಗ ಎಷ್ಟು ದೊಡ್ಡದಾಗಿದೆ?"

"ದೊಡ್ಡದಾಗಿರುತ್ತೆ."

ಮಹಾನಂದ ಧಾನ್ಯದ ವ್ಯಾಪಾರಿಯ ಮಗಳು. ಮಂಡಿಗೆ ಹೋದವಳಲ್ಲ, ಆದರೆ ಯಾವ ಸಾಮಾನು ಬಂದರೂ ಮೊದಲು ಮುಟ್ಟಿ ನೋಡುವುದು ಅವಳ ರಕ್ತದಲ್ಲಿತ್ತು. ಮಗುವಿನ ಸಮೇತ ಮೆಲ್ಲಗೆ ಬಗ್ಗಿ ಮುಂದಿನ ಗಾಲಿಯ ರಬ್ಬರನ್ನು ಹೆಬ್ಬೆರಳಿನಿಂದ ಸವರಿದಳು. ಆಮೇಲೆ ಹಿಂದಿನದನ್ನು ಸವರಿದಳು. ಬಿಳಿಯ ಮೆತ್ತೆ ನೋಡಿದಳು. ಕಲೆಯಿರಲಿಲ್ಲ.

"ಗಾಲಿ ಸವೆದೇ ಇಲ್ಲ," ಎಂದಳು.

ಎರಡು ತಿಂಗಳೂ ಓಡಿಲ್ಲ ಸಾರ್, ಮುಟ್ಟಿ ನೋಡಿ. ಅವನು ಮುಟ್ಟಿ ನೋಡಿದ್ದ, ಸಂತೋಷಪಟ್ಟಿದ್ದ. ಮಗುವಿಗೆಂದು ಸೀಮೆಯಿಂದ ತರಿಸಿದ ಗಾಡಿ ಎರಡು ತಿಂಗಳಿಗೆ ಯಾಕೆ ನಿಂತುಹೋಗುತ್ತದೆ? ಬ್ರೇಕಿನ ಬಗ್ಗೆ ಕೇಳಿದ್ದ, ತಿರುಪಿನ ಬಗ್ಗೆ ಕೇಳಿದ್ದ. ಇದನ್ನು ಕೇಳಿರಲಿಲ್ಲ. ಕಾಲು ಅಲುಗಾಡುವ ಆ ಎರವಲು ತೊಟ್ಟಿಲು ಅವನ ಕಣ್ಣಿಗೆ ಬಂತು. ಅದರಲ್ಲಿ ಮಲಗಿದವರೆಲ್ಲ ಬೆಳೆದು ಮಂಡಿಗಳಲ್ಲಿ ಕೂತಿದ್ದರು. ಮಕ್ಕಳು ಬಾಳಿದ ಮನೆಯ ತೊಟ್ಟಿಲೆಂದೇ ಅದನ್ನು ಹೊತ್ತು ತಂದಿದ್ದರು. ಅವನು ನಕ್ಕಿದ್ದ.

"ಊರು ಬಿಟ್ಟು ಹೋದ್ರು ಅಂತಲೇ ಹೇಳಿದ ಅಂಗಡಿಯೋನು," ಎಂದ. ಅಂಗಡಿಯವನು ಅದನ್ನೂ ಹೇಳಿರಲಿಲ್ಲ. ಬೆಳಗ್ಗೆ ಸಲೀಸಾಗಿ ಬಂದ ಸುಳ್ಳು ಈಗ ಹಾಗೆ ಬರಲಿಲ್ಲ.

ಮಹಾನಂದ ಹಿಡಿಯ ಮೇಲಿನ ಕೈ ತೆಗೆದಳು.

"ಅಲ್ಲಿ ಇದೊಂದೇ ಇತ್ತಾ?"

"ಇನ್ನೊಂದು ಇತ್ತು."

"ಹೇಗಿತ್ತು?"

"ಹಳೇದು. ನಾಲ್ಕು ಮಕ್ಕಳು ಕೂತು ಸವೆದಿದ್ದು. ಅಂಚಿನ ತುಂಬ ಹಲ್ಲು ಕಡಿದ ಗುರುತು. ಕಿರುಗುಡ್ತಿತ್ತು."

ಅವಳ ಕಣ್ಣು ತುಂಬಿ ಬಂತು, ಆದರೆ ಸಿಟ್ಟಿನಿಂದಲ್ಲ.

"ಅದನ್ನ ತರಬಾರ್ದಿತ್ತಾ? ಅದನ್ನ ತಂದಿದ್ರೆ ಅಮ್ಮನ ಹತ್ರ ಜಗಳ ಆಡಿಯಾದ್ರೂ ಇವತ್ತೇ ಹೊರಟು ಬರ್ತಿದ್ದೆ."

"ನಾಳೆ ಬದಲಾಯಿಸ್ಕೊಂಡು ಬರ್ತೀನಿ."

ಹೇಳುವಾಗಲೇ ಮಧ್ಯಾಹ್ನ ಕಳೆದುಹೋದದ್ದು ಅವನಿಗೆ ನೆನಪಾಯಿತು. ಬೇರೆ ಯಾರೋ ಈಗ ಆ ಕಂದು ಗಾಡಿಯನ್ನು ಕಿರುಗುಟ್ಟಿಸುತ್ತ ತಮ್ಮ ಮನೆಗೆ ತಳ್ಳಿಕೊಂಡು ಹೋಗುತ್ತಿರಬೇಕು. ಒಳಗಿನ ಕತ್ತಲಲ್ಲಿ ಅತ್ತೆಯ ಬಳೆ ಸದ್ದಾಯಿತು. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಏಳಕ್ಕೆ ಕಳಿಸ್ತೀವಿ ಬಿಡಿ," ಎಂಬ ಮಾತು ಒಳಗಿನಿಂದ ಬಂತು. "ಅವಸರ ಏನು."

ಮಹಾನಂದ ತಲೆ ತಗ್ಗಿಸಿದಳು. ಬೇಡವೆನ್ನಲಿಲ್ಲ. ಮಗು ಅವಳ ಹೆಗಲ ಮೇಲಿಂದ ಕತ್ತು ತಿರುಗಿಸಿ, ಹೊಳೆಯುತ್ತಿದ್ದ ಹಿಡಿಯನ್ನು ನೋಡಿ ಕೈ ಚಾಚಿತು. ಹಿಡಿ ದಾಟಿ ಪರಮಶಿವಯ್ಯನ ಕೋಟಿನ ಗುಂಡಿಯ ಕಡೆಗೂ ಚಾಚಿತು. ಕೆನ್ನೆಯ ಮೇಲೆ ಕಪ್ಪು ಬೊಟ್ಟು, ಬಾಯಲ್ಲಿ ಜೊಲ್ಲು. ಬಿಸಿಲಿನಲ್ಲಿ ಅದರ ಮುಖವನ್ನು ಅವನು ನೋಡಿದ್ದು ಇದೇ ಮೊದಲು. ಹುಬ್ಬು ಅವನ ತಂದೆಯದಾಗಿತ್ತು.

"ಎತ್ಕೋತೀರಾ?" ಎಂದಳು ಮಹಾನಂದ, ಬಹಳ ಮೆಲ್ಲಗೆ, ಮಗುವನ್ನು ಸ್ವಲ್ಪ ಮುಂದೆ ಹಿಡಿದು.

ಅವನ ಎರಡು ಕೈಗಳೂ ಮೇಲೆದ್ದವು.

ಜಗಲಿಯ ಮೇಲೆ ವೃಷಭೇಂದ್ರಪ್ಪನವರು ಕೆಮ್ಮಿದರು. ಅವರಿಗೆ ಕೆಮ್ಮು ಹಳೆಯದು, ಹೊಗೆಸೊಪ್ಪಿನದು. ಅವರು ಪತ್ರಿಕೆಯಿಂದ ತಲೆಯೆತ್ತಿಯೂ ಇರಲಿಲ್ಲ. ಪರಮಶಿವಯ್ಯನ ಕೈಗಳು ಹಾಗೆಯೇ ಇಳಿದು ಗಾಡಿಯ ಕೊಡೆಯ ಮೇಲಿನ ಧೂಳು ಒರೆಸತೊಡಗಿದವು. ಒರೆಸುತ್ತಲೇ ಅವನಿಗೆ ತನ್ನ ಕೈಗಳ ಮೇಲೆ ಅಸಹ್ಯವಾಯಿತು. ಮಹಾನಂದ ಮಗುವನ್ನು ಮತ್ತೆ ಹೆಗಲಿಗೆ ಹಾಕಿಕೊಂಡಳು.

"ಊಟ ಮಾಡ್ಕೊಂಡು ಹೋಗಿ," ಎಂದು ಒಳಗೆ ಹೋದಳು.

ಊಟವಾಯಿತು. ಎಲ್ಲರೂ ಬೇರೆ ಏನೇನೋ ಮಾತಾಡಿದರು. ಮಾವ ಬೇಳೆಯ ಧಾರಣೆ ಹೇಳಿದರು, ಅವನು ಹೂಂಗುಟ್ಟಿದ. ಬಿಸಿಲು ಇಳಿದ ಮೇಲೆ ಹೊರಡಲು ಎದ್ದಾಗ ಗಾಡಿಯನ್ನು ಏನು ಮಾಡಬೇಕೆಂಬ ಪ್ರಶ್ನೆ ಬಂತು. ಅದು ರಾತ್ರಿ ಆ ಮನೆಯ ಮುಂದೆ ಇರಕೂಡದು. ಖಾಲಿಯಾಗಿ ಹೋಗಲೂ ಕೂಡದು.

"ಇನ್ನೊಂದು ಸಲ ಖಾಲಿ ತಳ್ಬೇಡಿ, ನಿಮಗೆ ಕೈ ಮುಗೀತೀನಿ," ಎಂದರು ವಿಶಾಲಾಕ್ಷಮ್ಮನವರು. ಅವರ ದನಿಯಲ್ಲಿ ನಿಜವಾದ ಹೆದರಿಕೆಯಿತ್ತು. ಇದುವರೆಗೆ ಅವನು ಅದನ್ನು ಬಿಗುಮಾನವೆಂದು ತಿಳಿದಿದ್ದ. "ತಡೀರಿ."

ಅವರು ಹಿತ್ತಲಿಗೆ ಹೋಗಿ, ಗುಂಡುಕಲ್ಲನ್ನು ಎರಡು ಕೈಯಲ್ಲೂ ತಬ್ಬಿ ತಂದರು. ಒರಳು ಎಂದೋ ಒಡೆದುಹೋಗಿ ಗುಂಡು ಒಂದೇ ಉಳಿದಿತ್ತು. ಆ ಮನೆಯ ನಾಮಕರಣಗಳಿಗೆಲ್ಲ ಅದೇ ಗುಂಡಪ್ಪ. ನೆತ್ತಿಯಲ್ಲಿ ಅಂದಿನ ಕುಂಕುಮದ ಕಲೆ ಇನ್ನೂ ಇತ್ತು. ಮಹಾನಂದ ಒಳಗಿನಿಂದ ಮಗುವಿನ ಹಳೆಯ ಕೌದಿ ತಂದುಕೊಟ್ಟಳು. ಅತ್ತೆ ಕಲ್ಲಿಗೆ ಅದನ್ನು ಸುತ್ತಿ, ಗಾಡಿಯ ಬಿಳಿಯ ಮೆತ್ತೆಯ ಮೇಲೆ ಮಲಗಿಸಿದರು.

"ಮುಂದಿನ ಸಲ ಬರುವಾಗ ತನ್ನಿ. ಮರೀಬೇಡಿ."

ಮಹಾನಂದ ಬಾಗಿಲಲ್ಲಿ ನಿಂತಿದ್ದಳು. ಬೀದಿಯ ತಿರುವಿನಲ್ಲಿ ಅವನು ಹಿಂತಿರುಗಿ ನೋಡಿದಾಗಲೂ ನಿಂತಿದ್ದಳು.

ಈಗ ಗಾಡಿ ನೆಟ್ಟಗೆ ಹೋಯಿತು. ಭಾರ ಬಿದ್ದು ಸ್ಪ್ರಿಂಗು ಕೂತಿತ್ತು, ಗಾಲಿಗಳು ಸದ್ದಿಲ್ಲದೆ ಉರುಳಿದವು. ಗಾಂಧಿಬಜಾರಿನಲ್ಲಿ ಸಂಜೆಯ ಜನ ತುಂಬಿತ್ತು. ಹೂವು, ಹಣ್ಣು, ದೇವಸ್ಥಾನಕ್ಕೆ ಹೊರಟ ಹೆಂಗಸರು, ಛತ್ರಿ ಹಿಡಿದ ಪಿಂಚಣಿದಾರರು. ಐದು ತಿಂಗಳಿನಿಂದ ಅವನು ಕಣ್ಣುಮುಚ್ಚಿದಾಗಲೆಲ್ಲ ಕಂಡ ಬೀದಿ ಇದೇ, ಹೊತ್ತೂ ಇದೇ. ಜನ ಗಾಡಿಗೆ ದಾರಿ ಬಿಟ್ಟರು. ಪಡುವಣ ಬಿಸಿಲು ಓರೆಯಾಗಿ ಒಳಗೆ ಬೀಳುತ್ತಿತ್ತು. ಅವನು ನಿಂತು, ಬಿಸಿಲು ಬೀಳದ ಹಾಗೆ ಕೊಡೆಯನ್ನು ಸರಿಮಾಡಿದ. ಸರಿಮಾಡಿದ ಮೇಲೆ ಯಾರಿಗಾಗಿ ಎಂದು ಕೇಳಿಕೊಂಡ. ಉತ್ತರ ಬೇಕಿರಲಿಲ್ಲ, ತಳ್ಳಿದ.

ಎದುರು ಬಂದ ಹೆಂಗಸೊಬ್ಬಳು ನಗುತ್ತ ಬಗ್ಗಿದಳು. "ಮಲಗಿದೆ," ಎಂದು ಅವನೇ ಮೊದಲು ಹೇಳಿಬಿಟ್ಟ.

ಎನ್.ಆರ್. ಕಾಲೋನಿ ಮುಟ್ಟುವಷ್ಟರಲ್ಲಿ ಕತ್ತಲು ಕವಿಯುತ್ತಿತ್ತು. ಬೀಗ ತೆಗೆದ. ಗಾಡಿ ಬಾಗಿಲಿನ ಅಗಲಕ್ಕೆ ಸರಿಯಾಗಿಯೇ ಇತ್ತು, ಹುರಿಯ ಅಳತೆ ತಪ್ಪಿರಲಿಲ್ಲ. ಆದರೆ ಹೊಸ್ತಿಲಿನ ಎತ್ತರವನ್ನು ಅವನು ಅಳೆದಿರಲಿಲ್ಲ. ಕಲ್ಲಿನ ಭಾರಕ್ಕೆ ಮುಂದಿನ ಗಾಲಿ ಮೇಲೇಳಲಿಲ್ಲ. ಮೊದಲು ಕಲ್ಲನ್ನು ಎತ್ತಿ ಒಳಗಿಡಬೇಕು.

ಬಗ್ಗಿ ಎತ್ತಿದ. ಎಣಿಸಿದ್ದಕ್ಕಿಂತ ಭಾರವಾಗಿತ್ತು. ಎದೆಗೆ ಒತ್ತಿ ಹಿಡಿಯಬೇಕಾಯಿತು. ಕೌದಿಯಿಂದ ಬಜೆ, ಸಾಂಬ್ರಾಣಿ ಹೊಗೆ, ಹುಳಿಯಾದ ಹಾಲು ಎಲ್ಲ ಸೇರಿದ ಒಂದು ವಾಸನೆ ಬಂತು. ಮಗುವಿಗೆ ಇಂಥ ವಾಸನೆ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅವನು ಕೌದಿಗೆ ಮೂಗು ಒತ್ತಿ ಇನ್ನೊಂದು ಸಲ ಉಸಿರೆಳೆದುಕೊಂಡ. ಇಲ್ಲಿ ಯಾವ ಹಿರಿಯರೂ ಇರಲಿಲ್ಲ.

ಪಕ್ಕದ ಮನೆಯ ಕಿಟಕಿ ತೆರೆಯಿತು. "ಮಗು ಬಂತಾ ಮೇಷ್ಟ್ರೇ?" ಎಂದರು ಕಲ್ಯಾಣಮ್ಮನವರು, ಕತ್ತಲಲ್ಲಿ ಕಣ್ಣು ಕಿರಿದು ಮಾಡಿ. "ಸದ್ದೇ ಇಲ್ವಲ್ಲ. ನಿದ್ದೆ ಮಾಡ್ತಿದೆಯಾ?"

ಪರಮಶಿವಯ್ಯ ದೀಪ ಹಚ್ಚಿರದ ಮನೆಯೊಳಗೆ ಹೊಸ್ತಿಲು ದಾಟಿ ನಿಂತ. ಯಾರೂ ಹೇಳಿಕೊಡದೆ, ಅವನ ಒಂದು ಕೈ ತಾನಾಗಿಯೇ ಕೌದಿಯ ಕೆಳಗೆ ಸರಿದು ಕಲ್ಲಿನ ನೆತ್ತಿಗೆ ಆಸರೆಯಾಗಿ ನಿಂತಿತ್ತು. ಎಲ್ಲಿ ಮಲಗಿಸುವುದೆಂದು ತಿಳಿಯದೆ ಅವನು ಅದನ್ನು ಎತ್ತಿಕೊಂಡೇ ಇದ್ದ.